ಸಹಿ ಹಾಕದವನ ಕೀರ್ತಿ

ಬೇಲೂರಿನ ಗುಡಿ ಕೆತ್ತಿದವರು ಯಾರೆಂದು ಅರಸೀಕೆರೆ ಬಸ್ಸಿನಲ್ಲಿ ಯಾರನ್ನಾದರೂ ಕೇಳಿ, ಜಕಣಾಚಾರಿ ಎನ್ನುತ್ತಾರೆ. ಕಂಡಕ್ಟರಿಗೂ ಗೊತ್ತು, ತೆಂಗಿನಕಾಯಿ ಮೂಟೆಗೆ ಒರಗಿ ತೂಕಡಿಸುವವರಿಗೂ ಗೊತ್ತು. ಗೊತ್ತಿಲ್ಲದ್ದು ಗುಡಿಗೆ ಮಾತ್ರ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ಕಲ್ಲುಗಳಲ್ಲಿ ಎಷ್ಟೋ ರೂವಾರಿಗಳ ಹೆಸರಿದೆ, ಜಕಣಾಚಾರಿಯದಿಲ್ಲ.

ಹೆಸರು ಬರೆದವರೇನು ಸಂಕೋಚದ ಮುದ್ದೆಗಳಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ನಾಗೋಜ, ಎಲ್ಲರಿಗೂ ಬಿರುದುಗಳುಂಟು. ಉಳಿದ ರೂವಾರಿಗಳೆಲ್ಲ ಮನ್ಮಥರಾದರೆ ತಾನು ಅವರನ್ನು ಸುಡುವ ಶಿವ ಎಂದು ಚಾವಣ ಕಲ್ಲಿನಲ್ಲೇ ಕೊಚ್ಚಿಕೊಂಡಿದ್ದಾನೆ. ಇವತ್ತಿನ ಫ್ಲೆಕ್ಸ್ ಬ್ಯಾನರಿನವರಿಗೂ ಇಷ್ಟು ಧೈರ್ಯವಿಲ್ಲ. ಆರ್. ನರಸಿಂಹಾಚಾರ್ಯರು ಇವನ್ನೆಲ್ಲ ಓದಿ 1919ರಲ್ಲಿ ಪುಸ್ತಕವನ್ನೇ ಮಾಡಿದರು. ಪ್ರಯೋಜನ? 1964ರಲ್ಲಿ ಬಿ.ಎಸ್. ರಂಗಾ ‘ಅಮರಶಿಲ್ಪಿ ಜಕಣಾಚಾರಿ’ ತೆಗೆದರು, ಅದೂ ಬಣ್ಣದಲ್ಲಿ. ಕಲ್ಯಾಣ್ ಕುಮಾರ್ ಉಳಿ ಹಿಡಿದ ಮೇಲೆ ದಾಸೋಜನ ಗತಿ ಮುಗಿಯಿತು.

ಬೇರೆ ಕಡೆ ಇದು ತಿರುಗುಮುರುಗು. 1937ರಲ್ಲಿ ಬ್ರೆಡಿಯಸ್ ಎಂಬ ಡಚ್ ಪಂಡಿತರು ಒಂದು ಚಿತ್ರವನ್ನು ಹದಿನೇಳನೇ ಶತಮಾನದ ವರ್ಮೀರನದೇ ಎಂದು ಸಾರಿದರು. ಅದನ್ನು ಬರೆದ ವಾನ್ ಮೇಗರೆನ್ ಆಗ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ. ಅಲ್ಲಿ ದೊಡ್ಡವನ ಸಹಿಯನ್ನು ಕದ್ದು ಹಾಕುತ್ತಾರೆ. ನಮ್ಮಲ್ಲಿ ಇರುವ ಸಹಿಯನ್ನು ಬಿಟ್ಟು, ಸಹಿಯೇ ಹಾಕದವನಿಗೆ ಎಲ್ಲವನ್ನೂ ಬರೆದುಕೊಡುತ್ತೇವೆ. ವಿದ್ವಾಂಸರೇನು ಕಮ್ಮಿ? ಹೊಯ್ಸಳರ ಈ ಗುಡಿಗಳನ್ನೆಲ್ಲ ಜೇಮ್ಸ್ ಫರ್ಗುಸನ್ ಚಾಲುಕ್ಯ ಶೈಲಿಯ ಲೆಕ್ಕಕ್ಕೆ ಸೇರಿಸಿದ್ದರು. ರೂವಾರಿ ಹೋಗಲಿ, ರಾಜಮನೆತನವೇ ಕೈತಪ್ಪಿತ್ತು.

ಬೇಲೂರಿಗೆ ನನ್ನ ಜೊತೆ ಬಂದಿದ್ದವರು ಸೋದರತ್ತೆ. ಗೈಡು ದರ್ಪಣಸುಂದರಿಯನ್ನು ತೋರಿಸಿ, “ಇದೇ ಶಾಂತಲಾದೇವಿ, ಅಮ್ಮಾ” ಎಂದಾಗ ಅತ್ತೆ ಕೈಮುಗಿದರು. ಹಾಗೆಂದು ಕಲ್ಲೇನೂ ಹೇಳುವುದಿಲ್ಲವಲ್ಲ ಎಂದೆ. ಗೈಡು ನನ್ನನ್ನು ಬಿಟ್ಟು ಅತ್ತೆಯೊಬ್ಬರಿಗೇ ವಿವರಣೆ ಮುಂದುವರಿಸಿದರು. ಜಾಲಂಧ್ರಗಳು ಎರಡನೆಯ ಬಲ್ಲಾಳನ ಕಾಲದಲ್ಲಿ ಸೇರಿಸಿದವು ಎಂಬ ನನ್ನ ಮಾತನ್ನು ಕಂಬಗಳಷ್ಟೇ ಕೇಳಿಸಿಕೊಂಡವು.

ಹಳೇಬೀಡಿಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿದೆ. ಈ ಸೀಮೆಯ ಗುಡಿಗಳೆಲ್ಲ ಜಕಣಾಚಾರಿಯವೇ ಆದರೆ, 1117ರಲ್ಲಿ ಅವನಿಗೆ ಮೂವತ್ತು ಎಂದುಕೊಂಡರೂ ಅರಸೀಕೆರೆಯ ಈಶ್ವರನ ಗುಡಿ ಎದ್ದ 1220ಕ್ಕೆ 133 ವರ್ಷ. ಆ ಪ್ರಾಯದಲ್ಲಿ ಹದಿನಾರು ಮೂಲೆಯ ನಕ್ಷತ್ರಾಕಾರದ ಮಂಟಪ ಏಳಿಸಿದ್ದಾನೆ! ಸೋಮನಾಥಪುರದ 1268ಕ್ಕೆ 181.

“ನಿನ್ನ ಶಾಸನದವರೆಲ್ಲ ಅಲ್ಪಾಯುಗಳೇನೋ?” ಅಂದರು ಅತ್ತೆ.

ಇಲ್ಲಿ ನಾನು ಸ್ವಲ್ಪ ಇಕ್ಕಟ್ಟಿಗೆ ಸಿಕ್ಕಿದೆ. ಮಲ್ಲಿತಮ್ಮನೆಂಬ ರೂವಾರಿಯ ಸಹಿ 1196ರ ಅಮೃತಾಪುರದ ಗುಡಿಯಲ್ಲಿದೆ. ನಮ್ಮ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿದೆ, ಸೋಮನಾಥಪುರದಲ್ಲೂ ಇದೆ. ಎಪ್ಪತ್ತೆರಡು ವರ್ಷ ಉಳಿ ಕೆಳಗಿಡದ ಮನುಷ್ಯ.

“ಇಬ್ಬರಿರ್ತಾರೆ ಬಿಡೋ,” ಎಂದು ಅತ್ತೆಯೇ ಕೈಹಿಡಿದರು. “ತಾತನ ಹೆಸರು ಮೊಮ್ಮಗನಿಗೆ ಇಟ್ಟಿರ್ತಾರೆ. ನಮ್ಮ ವಂಶದಲ್ಲೇ ಮೂರು ಜನ ವೆಂಕಟರಮಣಯ್ಯ ಇರ್ಲಿಲ್ವೆ?”

“ಹಾಗಾದ್ರೆ ಜಕಣಾಚಾರಿಗಳೂ ಇಬ್ಬರು ಮೂವರು ಇದ್ದಿರಬಹುದಲ್ಲ, ಅತ್ತೆ?”

“ಛೆ, ಅದು ಹೇಗಾಗತ್ತೆ? ಕಲ್ಯಾಣ್ ಕುಮಾರ್ ಒಬ್ಬರೇ ಅಲ್ವೇನೋ!”