ಇಣುಕು ಮೀಮಾಂಸೆ: ಟೆಕ್ಸಸ್ ಹೋಲ್ಡೆಮ್ ಆಟದ ಕಾಲ-ದೇಶ ವಿಚಾರ

ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್ ಪ್ರಭೇದದ ಹುಟ್ಟೂರಿನ ಬಗ್ಗೆ ಜಗಳವೇ ಇಲ್ಲ ಎಂಬುದು ಯಾವ ಸಂಶೋಧಕನಿಗೂ ಅನುಮಾನ ತರಬೇಕಾದ ಸಂಗತಿ. ನಮ್ಮಲ್ಲಿ ಹಳಗನ್ನಡ ಕವಿಯೊಬ್ಬನ ಜನ್ಮಸ್ಥಳಕ್ಕೆ ಮೂರು ಊರುಗಳಾದರೂ ಹೊಡೆದಾಡುತ್ತವೆ. ಕೋಟಿಗಟ್ಟಲೆ ಡಾಲರ್ ಓಡಾಡುವ ಈ ಆಟಕ್ಕೆ ರಾಬ್ಸ್‌ಟೌನ್ ಎಂಬ ಒಂದು ಸಣ್ಣ ಊರು ಮಾತ್ರ ವಾರಸುದಾರ. ಆಟ 20ನೇ ಶತಮಾನದ ಆದಿಯಲ್ಲಿ ಅಲ್ಲಿಯೇ ಹುಟ್ಟಿತೆಂದು ಟೆಕ್ಸಸ್ ಶಾಸನಸಭೆ 2007ರಲ್ಲಿ ನಿರ್ಣಯ ಅಂಗೀಕರಿಸಿತು. ಮೊದಲು ಎಲೆ ಹಂಚಿದವನ ಹೆಸರಿಲ್ಲ, ಸೋತವನ ದೂರಿಲ್ಲ, ಬಹುಮತವಿದೆ. ಇತಿಹಾಸವನ್ನು ಮತಕ್ಕೆ ಹಾಕುವ ಪದ್ಧತಿ ಈ ಆಟದ ಪರಂಪರೆಗೆ ಹೊಸದೂ ಅಲ್ಲ. 1970ರಲ್ಲಿ ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ ಮೊದಲ ವಿಶ್ವ ಪೋಕರ್ ಸರಣಿ ನಡೆದಾಗ ಜಾನಿ ಮಾಸ್ ಚಾಂಪಿಯನ್ ಆದದ್ದು ಸಹ ಆಟಗಾರರ ಮತದಿಂದಲೇ. ಹಾಗಾಗಿ ಹುಟ್ಟಿನ ಪ್ರಶ್ನೆಯನ್ನು ಶಾಸಕರಿಗೇ ಬಿಟ್ಟು, ಬೆಳವಣಿಗೆಯ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಕ್ಷೇಮ.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ಹೋಲ್ಡೆಮ್ ಬೆಳೆದದ್ದು ಆಡುವವರಿಂದಲ್ಲ, ಆಡುವವರ ಹೆಗಲ ಮೇಲಿಂದ ಇಣುಕುವವರಿಂದ. ಹೇತು ಆಟದ ರಚನೆಯಲ್ಲೇ ಇದೆ. ಪ್ರತಿಯೊಬ್ಬನಿಗೆ ಕವುಚಿದ ಎರಡು ಎಲೆ. ಆಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಮೊದಲು ಮೂರು, ನಂತರ ಒಂದು, ಮತ್ತೊಂದು ಎಂದು ಮೇಜಿನ ಮಧ್ಯೆ ಮೊಗ ಮೇಲಾಗಿ ಬೀಳುತ್ತವೆ. ಹಳೆಯ ಐದೆಲೆ ಪೋಕರಿನಲ್ಲಿ ಐದೂ ಗುಟ್ಟು. ಏಳೆಲೆಯ ಸ್ಟಡ್ ಆಟದಲ್ಲಿ ಒಬ್ಬೊಬ್ಬನ ಮುಂದೆ ಒಂದೊಂದು ಸಾಲು; ಎಲ್ಲವನ್ನೂ ನೆನಪಿಡಲು ಹೋದ ಪ್ರೇಕ್ಷಕನಿಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇಲ್ಲಿ ತಲೆಗೆ ಎರಡೇ ಎಲೆ ಕದ್ದು ನೋಡಿದರೆ ಸಾಕು, ಇಡೀ ಮೇಜು ಕೈವಶ. ಇಣುಕುವವನ ಅನುಕೂಲಕ್ಕೆ ಇಷ್ಟು ಕಾಳಜಿ ವಹಿಸಿದ ಇನ್ನೊಂದು ಇಸ್ಪೀಟಾಟ ಲೋಕದಲ್ಲಿಲ್ಲ.

ಇದಕ್ಕೆ ಪೂರ್ವಪಕ್ಷ: ರಚನೆ ಅಷ್ಟು ಅನುಕೂಲವಾಗಿದ್ದರೆ ಆಟ ಅಷ್ಟು ವರ್ಷ ತೆವಳಿದ್ದೇಕೆ? 1960ರ ದಶಕದಲ್ಲಿ ವೇಗಸ್ಸಿಗೆ ಬಂದರೂ ಬಹುಕಾಲ ಮೂಲೆಯ ಮೇಜೇ ಅದರ ಗತಿಯಾಗಿತ್ತು. ವಿಶ್ವ ಸರಣಿಯ ಮುಖ್ಯ ಪಂದ್ಯದಲ್ಲಿ ಸ್ಪರ್ಧಿಗಳು ನೂರು ದಾಟಲು 1982 ಆಗಬೇಕಾಯಿತು, ಆಗಲೂ 104. ಸಮಾಧಾನ ಸುಲಭ. ಅನುಕೂಲವಿತ್ತು, ಇಣುಕಲು ಬಿಡುತ್ತಿರಲಿಲ್ಲ. ಟೋಪಿ ಹಾಕಿದ ಗಂಡಸರು ಮಾತಿಲ್ಲದೆ ಕೂತಿರುವುದನ್ನು ಟಿವಿಯಲ್ಲಿ ನೋಡುವುದೆಂದರೆ ಬ್ಯಾಂಕಿನ ಸರದಿಯನ್ನು ನೇರಪ್ರಸಾರದಲ್ಲಿ ನೋಡಿದಷ್ಟೇ ಸುಖ. ಆ ಶಾಪ ವಿಮೋಚನೆ ಮಾಡಿದವರಲ್ಲಿ ಪೋಕರ್ ಆಡುತ್ತಿದ್ದ ಆಟಿಕೆ ತಯಾರಕರೊಬ್ಬರು ಮುಖ್ಯರು: ನಾತ್ಸಿ ಶಿಬಿರಗಳಿಂದ ಬದುಕಿ ಬಂದ, ಟ್ರಾನ್ಸ್‌ಫಾರ್ಮರ್ಸ್ ಗೊಂಬೆಗಳನ್ನು ಅಮೆರಿಕಕ್ಕೆ ತರುವುದರಲ್ಲಿ ಪಾತ್ರ ವಹಿಸಿದ ಹೆನ್ರಿ ಓರೆನ್‌ಸ್ಟೈನ್. ಕವುಚಿದ ಎಲೆಗಳನ್ನು ಪ್ರೇಕ್ಷಕರಿಗೆ ಮಾತ್ರ ತೋರಿಸುವ ಕ್ಯಾಮೆರಾ ಮೇಜಿಗೆ ಅವರು 1995ರಲ್ಲಿ ಪೇಟೆಂಟ್ ಪಡೆದರು. 1999ರಲ್ಲಿ ಬ್ರಿಟನ್ನಿನ ಚಾನೆಲ್ 4ರ ‘ಲೇಟ್ ನೈಟ್ ಪೋಕರ್’ ಗಾಜಿನ ಕೆಳಗಿನಿಂದ ಎಲೆ ತೋರಿಸಿತು. ಕದ್ದು ನೋಡುವುದು ಅಂದಿನಿಂದ ಮರ್ಯಾದಸ್ಥರ ಹವ್ಯಾಸವಾಯಿತು.

ಸಿದ್ಧಾಂತಕ್ಕೆ ಪ್ರತ್ಯಕ್ಷ ಪ್ರಮಾಣ 2003ರದು. ಟೆನೆಸಿಯ ಲೆಕ್ಕಪತ್ರಗಾರ ಕ್ರಿಸ್ ಮನಿಮೇಕರ್ (ಹೆಸರು ಪ್ರಬಂಧಕಾರನ ಕಿಡಿಗೇಡಿತನವಲ್ಲ, ಹುಟ್ಟಿನದೇ) ನೂರು ಡಾಲರ್‌ಗೂ ಕಡಿಮೆ ಶುಲ್ಕದ ಆನ್‌ಲೈನ್ ಪಂದ್ಯ ಗೆದ್ದು, 10,000 ಡಾಲರ್ ಪ್ರವೇಶಶುಲ್ಕದ ಮುಖ್ಯ ಪಂದ್ಯಕ್ಕೆ ಬಂದು ಕೂತಿದ್ದಾನೆ. ಎದುರಿಗೆ, ಹಚ್ಚದ ಸಿಗರೇಟನ್ನು ತುಟಿಗಿಟ್ಟುಕೊಂಡ ಪಳಗಿದ ಆಟಗಾರ ಸ್ಯಾಮಿ ಫರ್ಹಾ. ಮೇಜಿನ ಮೇಲೆ ಒಂಬತ್ತು, ಎರಡು, ಆರು, ಎಂಟು, ಮೂರು. ಫರ್ಹಾ ಕೈಯಲ್ಲಿ ರಾಣಿ ಮತ್ತು ಒಂಬತ್ತು, ಅಂದರೆ ಒಂಬತ್ತರ ಜೋಡಿ. ಮನಿಮೇಕರನ ಕೈಯಲ್ಲಿ ರಾಜ, ಏಳು; ಕಾದಿದ್ದ ಎಲೆ ಬಂದಿಲ್ಲ, ಜೋಡಿಯೂ ಇಲ್ಲ. ಅವನು ಚಿಪ್ಪುಗಳನ್ನೆಲ್ಲ ಮುಂದಕ್ಕೆ ತಳ್ಳುತ್ತಾನೆ. ಫರ್ಹಾ ಯೋಚಿಸಿ, ಅನುಮಾನಿಸಿ, ಗೆಲ್ಲುವ ಎಲೆಗಳನ್ನು ಕೆಳಗಿಡುತ್ತಾನೆ. ಟಿವಿ ಮುಂದೆ ಕೂತವನಿಗೆ ಎರಡು ಕೈಗಳೂ ಕಾಣುತ್ತಿದ್ದವು. ಆ ಗಳಿಗೆಯಲ್ಲಿ ಅಮೆರಿಕದ ಪ್ರತಿ ಸೋಫಾದಲ್ಲೂ ಫರ್ಹಾನಿಗಿಂತ ಜಾಣನೊಬ್ಬ ಉದಯಿಸಿದ. ಆ ವರ್ಷ 839 ಇದ್ದ ಸ್ಪರ್ಧಿಗಳು 2004ರಲ್ಲಿ 2,576, 2005ರಲ್ಲಿ 5,619, 2006ರಲ್ಲಿ 8,773 ಆದರು.

ಇದೆಲ್ಲ ಅಂತರಜಾಲದ ಕೃಪೆ ಎನ್ನುವವರಿದ್ದಾರೆ. ಆದರೆ ದುಡ್ಡಿಟ್ಟು ಆಡುವ ಆನ್‌ಲೈನ್ ಪೋಕರ್ 1998ರಿಂದಲೂ ಇತ್ತು. 2002ರ ಮುಖ್ಯ ಪಂದ್ಯಕ್ಕೆ ಬಂದವರು 631 ಮಂದಿ. ಬಾಗಿಲು ತೆರೆದೇ ಇತ್ತು, ಒಳಗೆ ಬರುವ ಧೈರ್ಯ ಇಣುಕಿನಿಂದ ಬಂತು. ಒಂದೇ ಕಟ್ಟಿನಲ್ಲಿ ಲೆಕ್ಕದ ಪ್ರಕಾರ 22 ಜನರನ್ನು ಕೂರಿಸಬಹುದಲ್ಲ ಎನ್ನುವುದು ಅಂಗಡಿಯವನ ಕಾರಣ, ಗಿರಾಕಿಯದಲ್ಲ. ಕೌಶಲದ ವಾದ ಇನ್ನೂ ಗಂಭೀರವಾದುದು. ಕೌಶಲದ ಆನ್‌ಲೈನ್ ಆಟಗಳನ್ನೂ ಜೂಜಿನ ಸಾಲಿಗೆ ಸೇರಿಸಿದ್ದ 2021ರ ರಾಜ್ಯ ತಿದ್ದುಪಡಿಯ ಕಲಮುಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದ್ದು, 2025ರ ಕೇಂದ್ರ ಕಾಯಿದೆ ಕೌಶಲ-ಅದೃಷ್ಟವೆಂಬ ಭೇದ ಎಣಿಸದೆ ಹಣದ ಆನ್‌ಲೈನ್ ಆಟಗಳಿಗೆ ಅಡ್ಡಗಾಲಿಟ್ಟದ್ದು ಎಲ್ಲರಿಗೂ ಗೊತ್ತು. ಕೌಶಲವಿದೆ ಎಂದು ಒಪ್ಪಿದರೂ ಪ್ರತಿಜ್ಞೆಗೆ ಧಕ್ಕೆಯಿಲ್ಲ. ಏಕೆಂದರೆ ಪ್ರೇಕ್ಷಕ ಮೆಚ್ಚುವುದು ಕೌಶಲವನ್ನಲ್ಲ, ಪರರ ತಪ್ಪನ್ನು. ಅದನ್ನು ಕಾಣಲು ಕೌಶಲ ಬೇಕಿಲ್ಲ, ಕ್ಯಾಮೆರಾ ಸಾಕು. ಎಲ್ಲ ಎಲೆ ಕಂಡು ಪಂಡಿತನಾದವನು ಎರಡೇ ಎಲೆ ಕಾಣುವ ಕುರ್ಚಿಯಲ್ಲಿ ಕೂತಾಗ ಏನಾಗುತ್ತದೆಂಬುದನ್ನು 2006ರ ಬಹುಮಾನದ ಮೊತ್ತವೇ ಹೇಳುತ್ತದೆ: ಮೊದಲ ಸ್ಥಾನಕ್ಕೆ 1.2 ಕೋಟಿ ಡಾಲರ್, ಅಷ್ಟೂ ಉಳಿದ ಪಂಡಿತರ ವಂತಿಗೆ.