ಮಹಾಶಕ್ತಿಗಳ ಬಣ್ಣ ಮತ್ತು ಖಾರ: ಒಂದು ಬ್ಯಾಡಗಿ ಮೀಮಾಂಸೆ

ಅಮೆರಿಕ ನಿಮಗೆ ಹಿಡಿಸುತ್ತದೆಯೇ ಎಂದು ವಾಷಿಂಗ್ಟನ್ನಿನ ಪ್ಯೂ ಸಂಸ್ಥೆ 2002ರಿಂದ ದೇಶದೇಶಗಳ ಜನರನ್ನು ವಿಚಾರಿಸುತ್ತ ಬಂದಿದೆ. ಈ ಶಾಸ್ತ್ರದ ಮೂಲದೋಷ ವಿದ್ವಾಂಸರ ಕಣ್ಣಿಗೆ ಬಿದ್ದಂತಿಲ್ಲ: ಮಾಲೂ ಅವರದೇ, ತಕ್ಕಡಿಯೂ ಅವರದೇ. ಸೋಮವಾರ, ಗುರುವಾರ ಮೂಗಿಗೆ ವಸ್ತ್ರ ಕಟ್ಟಿಕೊಂಡು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆ (ಸೀನುಗಳನ್ನು ದತ್ತಾಂಶದಿಂದ ಕೈಬಿಡಲಾಗಿದೆ) ಇದು ಕಣ್ಣುರಿಯಷ್ಟೇ ಸ್ಪಷ್ಟ.

ನಮ್ಮ ಮೆಣಸಿನಕಾಯಿಯ ಹಣೆಬರಹವೂ ಅಮೆರಿಕದಲ್ಲೇ ಬರೆದದ್ದು. ಖಾರದ ಅಳತೆ 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧತಜ್ಞ ರೂಪಿಸಿದ್ದು. ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತ ಹೋಗುವುದು, ನಾಲಿಗೆ ಚುರುಗುಟ್ಟುವುದು ನಿಂತಲ್ಲಿ ಲೆಕ್ಕ ಹಿಡಿಯುವುದು. ಬಣ್ಣದ ಅಳತೆ 1907ರಲ್ಲಿ ಹುಟ್ಟಿದ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘ ಆಸ್ಟಾದ್ದು. ಇವೆರಡರ ಪ್ರಕಾರ ಬ್ಯಾಡಗಿಯ ಡಬ್ಬಿ ತಳಿಗೆ ಬಣ್ಣ ಬಹಳ, ಖಾರ ಕಡಿಮೆ. ಆ ಬಣ್ಣ ಹಿಂಡಿ ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ, ಇರಲಿ.

ಪೂರ್ವಪಕ್ಷ: ಮೆಣಸಿನಕಾಯಿಯ ತವರೇ ಅಮೆರಿಕ ಖಂಡ, ಆದ್ದರಿಂದ ಅಳೆಯುವ ಹಕ್ಕು ಅವರದು. ಸಿದ್ಧಾಂತ: ಅದು ಪೋರ್ಚುಗೀಸರ ಹಡಗೇರಿ ಬಂದಾಗ ಅಮೆರಿಕ ಸಂಯುಕ್ತ ಸಂಸ್ಥಾನ ಹುಟ್ಟಿಯೇ ಇರಲಿಲ್ಲ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮುದ್ರೆ ಬಿದ್ದು ಬ್ಯಾಡಗಿಯ ಪೌರತ್ವವೂ ಖಾಯಂ ಆಯಿತು. ವೀಸಾದ ಮಾತೇ ಇಲ್ಲ.

ಹೀಗಾಗಿ ಪ್ರಸ್ತುತ ಪ್ರಬಂಧವು ತಕ್ಕಡಿಯನ್ನು ತಿರುಗಿಸುತ್ತದೆ. ವಿಧಾನ ಸರಳ: ಚೀಲಕ್ಕೆ ಕೈ ಹಾಕು, ಒಂದು ಹಿಡಿ ಎತ್ತು, ಅಲ್ಲಾಡಿಸಿ ಬೀಜದ ಸಪ್ಪಳ ಕೇಳು, ಮುರಿದು ತೇವ ನೋಡು. ಅಮೆರಿಕವೆಂಬ ಮಹಾಶಕ್ತಿಯ ಪ್ರಜಾಪ್ರಭುತ್ವದ ಭಾಷಣಗಳನ್ನು ಹೀಗೆ ಪರೀಕ್ಷಿಸಲಾಗಿ ಬಣ್ಣ ಅತ್ಯುತ್ತಮ, ಸಪ್ಪಳವೂ ಜೋರು. 2025ರ ಆಗಸ್ಟಿನಲ್ಲಿ ಭಾರತದ ಸರಕಿನ ಮೇಲೆ ಬಿದ್ದ ಶೇ 50ರ ಸುಂಕವನ್ನು ಮುರಿದು ನೋಡಿದಾಗ ಮಾತ್ರ ಕಣ್ಣಲ್ಲಿ ನೀರು. ಮೇಲೆ ಡಬ್ಬಿ, ತಳದಲ್ಲಿ ಖಾರದ ಗುಂಟೂರು. ಪೇಟೆಯಲ್ಲಿ ಇದಕ್ಕೆ ಬೆರಕಿ ಮಾಲು ಅನ್ನುತ್ತಾರೆ. ಅಂತರರಾಷ್ಟ್ರೀಯ ಸಂಬಂಧಗಳ ಪಂಡಿತರು ವಿದೇಶಾಂಗ ನೀತಿ ಅನ್ನುತ್ತಾರೆ.

ಇನ್ನೊಂದು ಮಹಾಶಕ್ತಿ ಚೀನಾದ ಫಲಿತಾಂಶ ಸ್ಥಿರವಾಗಿಲ್ಲ. ನಮ್ಮ ದೇಶದ ಮೆಣಸಿನಕಾಯಿಗೆ ಅದು ದೊಡ್ಡ ಗಿರಾಕಿ. ಗಡಿಯಲ್ಲಿ ಏನೇ ನಡೆಯಲಿ, ಕೊಂಡ ದಿನ ಒಳ್ಳೆಯವನು.

ಒಂದು ಆಕ್ಷೇಪಕ್ಕೆ ಉತ್ತರಿಸಬೇಕು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟಿಗೆ ಸುಟ್ಟದ್ದು ಬ್ಯಾಡಗಿ ಎಪಿಎಂಸಿ ಆವರಣದ ವಾಹನಗಳು. ಯಾವ ಮಹಾಶಕ್ತಿಯ ಕೂದಲೂ ಕೊಂಕಲಿಲ್ಲ. ಹಾಗಾದರೆ ಬ್ಯಾಡಗಿಗೆ ಜಾಗತಿಕ ಅಭಿಪ್ರಾಯವೇ ಇಲ್ಲವೇ? ಇದೆ. ಆದರೆ ರಾಯಭಾರ ಕಚೇರಿಗಳೆಲ್ಲ ದಿಲ್ಲಿಯಲ್ಲಿವೆ, ಅಲ್ಲಿಗೆ ಹೋಗಿಬರುವ ಖರ್ಚನ್ನು ಕ್ವಿಂಟಲಿನ ಮೇಲೆ ಹಾಕಿದರೆ ಕುಸಿದ ದರದಲ್ಲಿ ಗಿಟ್ಟುವುದಿಲ್ಲ.