ಆಪತ್ತಿಗಾಗದ ಇಕ್ಕಳ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಇಂಥ ಊರಿನಲ್ಲಿದ್ದು ಮುನ್ನೆಚ್ಚರಿಕೆ ಬೇಡವೇ ಎಂದು ನಾನೊಂದು ಮಲ್ಟಿಟೂಲ್ ತರಿಸಿದೆ. ಮಡಚಿದರೆ ಅಂಗೈಗಿಂತ ಚಿಕ್ಕದು. ಬಿಚ್ಚಿದರೆ ಇಕ್ಕಳ, ಚಾಕು, ಗರಗಸ, ಕತ್ತರಿ, ಸ್ಕ್ರೂಡ್ರೈವರ್ ಎಂದು 14 ಅವತಾರ. ಅದು ಬಂದದ್ದು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ. ಕವಚ ಸೀಳಲು ಕತ್ತರಿ ಬೇಕು, ಕತ್ತರಿ ಕವಚದೊಳಗಿದೆ. ಕೊನೆಗೆ ನನ್ನ ಹೆಂಡತಿ ಈಳಿಗೆಮಣೆಯ ಮುಂದೆ ಕೂತು, ಹಲಸಿನಕಾಯಿ ಹೆಚ್ಚುವ ಹಾಗೆ ಅದನ್ನು ಒತ್ತಿ ಸೀಳಿಕೊಟ್ಟಳು. "ಇದೂ ಎರಡು ಕೆಲ್ಸ ಮಾಡ್ತದೆ ಮಾರಾಯ್ರೆ. ಹೆಚ್ಚೋದು, ಕಾಯಿ ತುರಿಯೋದು."

ಹಾಗೆಂದು ನಾನು ಕಣ್ಣು ಮುಚ್ಚಿ ಕೊಂಡವನಲ್ಲ. ಇದರ ಪುರಾಣವನ್ನೇ ಓದಿದ್ದೆ. ಟಿಮ್ ಲೆದರ್‌ಮನ್ ಎಂಬ ಅಮೆರಿಕನ್ 1975ರಲ್ಲಿ ಹೆಂಡತಿಯ ಜೊತೆ ಹಳೇ ಫಿಯಟ್ ಕಾರಿನಲ್ಲಿ ಯುರೋಪು ಸುತ್ತಿದ. ಕಾರು ಕೆಡುತ್ತಿತ್ತು, ಹೋಟೆಲಿನ ನಲ್ಲಿ ಸೋರುತ್ತಿತ್ತು. ಜೇಬಿನಲ್ಲಿದ್ದ ಚಾಕುವಿಗೊಂದು ಇಕ್ಕಳ ಇದ್ದಿದ್ದರೆ ಎಂದು ಅವನಿಗೆ ಅನ್ನಿಸಿತು. ಆ ಅನ್ನಿಸಿಕೆ ಮಾರಾಟಕ್ಕೆ ಬಂದದ್ದು 1983ರಲ್ಲಿ. ಎಂಟು ವರ್ಷ ಸಹಿಸಿಕೊಂಡ ಆ ಹೆಂಗಸಿನ ತಾಳ್ಮೆಯನ್ನು ನಮ್ಮ ಮನೆಯಲ್ಲಿ ಒಮ್ಮೆ ಹೊಗಳಿದೆ. ಆಮೇಲೆ ಹೊಗಳಲಿಲ್ಲ.

ಆರಿಸುವುದು ಹೇಗೋ ಆಯಿತು, ಇಡುವುದೆಲ್ಲಿ? ಮೊದಲು ಅದರದ್ದೇ ಚರ್ಮದ ಚೀಲದಲ್ಲಿಟ್ಟೆ. ಆಷಾಢ ಮುಗಿಯುವಷ್ಟರಲ್ಲಿ ಚೀಲಕ್ಕೆ ಬೂಷ್ಟು, ಇಕ್ಕಳದ ಸಂದಿಗೆ ತುಕ್ಕು. ಚರ್ಮ ಕುಡಿದ ತೇವವನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸ್ಟೇನ್‌ಲೆಸ್ ಎಂದರೂ ತುಕ್ಕು ತಡವಾಗಿ ಬರುತ್ತದೆಂದಷ್ಟೇ ಅರ್ಥ. ತುಕ್ಕು ಉಜ್ಜಿ ಕೊಬ್ಬರಿ ಎಣ್ಣೆ ಸವರಿದೆ. ಧನುರ್ಮಾಸದ ಚಳಿಗೆ ಎಣ್ಣೆ ಹೆಪ್ಪುಗಟ್ಟಿ, ಹದಿನಾಲ್ಕೂ ಒಂದನ್ನೊಂದು ತಬ್ಬಿಕೊಂಡು ಕೂತವು. ಕೊನೆಗೆ ಪೇಟೆಯ ದರ್ಜಿಯೊಬ್ಬರು ಹೊಲಿಗೆ ಮಿಷಿನ್ನಿನ ಎಣ್ಣೆ ಎರಡು ತೊಟ್ಟು ಬಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ, ದುಡ್ಡು ಬೇಡ ಎಂದರು. ಇನ್ನು ಯಾರ ಕೈಗೂ ಸಿಗಬಾರದೆಂದು ಅದನ್ನು ಬೀರುವಿನ ಲಾಕರಿಗೆ ಸೇರಿಸಿದೆ.

ಮರು ಮಳೆಗಾಲದ ಒಂದು ರಾತ್ರಿ ಆಪತ್ತು ಬಂತು. ಗಾಳಿಗೆ ಹಿಂಬಾಗಿಲಿನ ಚಿಲಕ ಕಿತ್ತು ಬಾಗಿಲು ಬಡಿದುಕೊಳ್ಳುತ್ತಿದೆ, ಕರೆಂಟಿಲ್ಲ. ಚಿಲಕ ಕೂರಿಸಲು ಮಲ್ಟಿಟೂಲ್ ಬೇಕು. ಅದಕ್ಕೆ ಲಾಕರಿನ ಕೀಲಿಕೈ ಬೇಕು. ಕೀಲಿಕೈ ಹುಡುಕಲು ಟಾರ್ಚು ಬೇಕು. ಟಾರ್ಚಿಗೆ ಹೊಸ ಸೆಲ್ಲು ಹಾಕಲು ಅದರ ಬೆನ್ನಿನ ಪುಟ್ಟ ಸ್ಕ್ರೂ ಬಿಚ್ಚಬೇಕು. ಸ್ಕ್ರೂ ಬಿಚ್ಚಲು ಮಲ್ಟಿಟೂಲ್ ಬೇಕು. ನಾನು ಕತ್ತಲಲ್ಲಿ ನಿಂತು ಇದನ್ನೆಲ್ಲ ಕ್ರಮವಾಗಿ ವಿವರಿಸುತ್ತಿದ್ದಾಗಲೇ ಹೆಂಡತಿ ದೇವರ ಮನೆಯಿಂದ ದೀಪ ತಂದು, ಮೊಂಡು ಚಾಕುವಿನ ತುದಿಯಲ್ಲಿ ಚಿಲಕದ ಸ್ಕ್ರೂ ತಿರುಗಿಸಿ, ಮಲಗಲು ಹೋದಳು.

ಈಗ ಮಲ್ಟಿಟೂಲ್ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮೊಳೆಗೆ ನೇತಾಡುತ್ತದೆ. ಕುಕ್ಕರಿನ ಹಿಡಿ ಸಡಿಲವಾದಾಗ ಬಿಗಿ ಮಾಡುವುದೊಂದೇ ಅದರ ಉದ್ಯೋಗ. ಉಳಿದ ಹದಿಮೂರಕ್ಕೆ ನಿವೃತ್ತಿ. ಮೊನ್ನೆ ಕನ್ನಡಕದ ಸ್ಕ್ರೂ ಸರಿಮಾಡಲು ಕೇಳಿದೆ. ಕೊಟ್ಟಳು.

"ಕೆಲ್ಸ ಆದ್ಮೇಲೆ ಅಲ್ಲೇ ಹಾಕಿ. ಅರ್ಜೆಂಟಿಗೆ ಸಿಗ್ಬೇಕು."